ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಕಂಪ್ಯೂಟರ್ ಆಫ್ ಆಗ್ತಿದೆಯಾ? ಡ್ರೈವರ್ ಮುಟ್ಟುವ ಮೊದಲು ಇದನ್ನು ನೋಡಿ

ಹೊಸ ಕಾರ್ಡ್ ಹಾಕಿದ ಮೇಲೆ ಗೇಮ್ ನಡುವೆ ಕಂಪ್ಯೂಟರ್ ಆಫ್ ಆದರೆ ಹೆಚ್ಚಿನವರು ಮೊದಲು ಡ್ರೈವರ್ (ವಿಂಡೋಸ್‌ನಿಂದ ಕಾರ್ಡನ್ನು ಓಡಿಸುವ ಸಾಫ್ಟ್‌ವೇರ್) ತೆಗೆದು ಮತ್ತೆ ಹಾಕುತ್ತಾರೆ. ಅದಕ್ಕೂ ಬಗ್ಗದಿದ್ದರೆ ವಿಂಡೋಸ್ ಫಾರ್ಮ್ಯಾಟ್. ಅದೂ ಆಗಲಿಲ್ಲ ಅಂದರೆ ಕಾರ್ಡೇ ಕೆಟ್ಟಿದೆ ಅಂತ ಡಬ್ಬಿಗೆ ಹಾಕಿಕೊಂಡು ಅಂಗಡಿಗೆ ಹೊರಡುತ್ತಾರೆ. ಅಂಗಡಿಯವರು ತಮ್ಮ ಸಿಸ್ಟಮ್‌ಗೆ ಹಾಕಿ ನೋಡುತ್ತಾರೆ, ಅಲ್ಲಿ ಚೆನ್ನಾಗಿ ಓಡುತ್ತದೆ, ಕಾರ್ಡ್ ವಾಪಸ್ ಬರುತ್ತದೆ, ಮನೆಯಲ್ಲಿ ಮತ್ತೆ ಅದೇ ಕತೆ. ಈ ಸುತ್ತಾಟ ಬೇಡ. ಸಿಸ್ಟಮ್ ಯಾವ ರೀತಿ ನಿಂತಿತು ಅನ್ನುವುದನ್ನು ಸರಿಯಾಗಿ ಗಮನಿಸಿದರೆ ತೊಂದರೆ ಎಲ್ಲಿದೆ ಅನ್ನುವುದರ ಸುಳಿವು ಅಲ್ಲೇ ಸಿಗುತ್ತದೆ. ಬಹಳ ಸಲ ಅದು ಕಾರ್ಡಿನಲ್ಲಿ ಇರುವುದಿಲ್ಲ, ಕಾರ್ಡಿಗೆ ಕರೆಂಟ್ ಬರುವ ದಾರಿಯಲ್ಲಿ ಇರುತ್ತದೆ.

ಒಂದು ನಿಜವಾದ ಸಿಸ್ಟಮ್ ಇಟ್ಟುಕೊಂಡೇ ಹೇಳುತ್ತೇನೆ. ಹುಬ್ಬಳ್ಳಿಯಲ್ಲಿರುವ ನನ್ನ ಗೆಳೆಯನದು. ರೈಜೆನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 16 ಜಿಬಿ ರ‍್ಯಾಮ್, ಹಳೆಯ ಜಿಟಿಎಕ್ಸ್ 1050 ಟಿಐ ಕಾರ್ಡ್. ಕೇಸಿನ ಜೊತೆಗೇ ಬಂದ, 500 ವ್ಯಾಟ್ ಅಂತ ಬರೆದಿದ್ದ ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರ್‌ಗೆ ಬೇಕಾದ ಹಾಗೆ ಬದಲಿಸಿ ಕೊಡುವ ಡಬ್ಬಿ. ವರ್ಷಗಟ್ಟಲೆ ಒಂದು ತಕರಾರಿಲ್ಲದೆ ಓಡಿದ ಸಿಸ್ಟಮ್ ಅದು. ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನ ಕೆಲಸಕ್ಕೆ ಅಂತ ಅವನು ಆರ್‌ಟಿಎಕ್ಸ್ 3060 ತಂದು ಹಾಕಿದ. ಡೆಸ್ಕ್‌ಟಾಪ್ ಬಂತು, ಡ್ರೈವರ್ ಕೂತಿತು, ಯೂಟ್ಯೂಬ್ ಓಡಿತು. ರೆಂಡರ್ (ಚಿತ್ರ ತಯಾರಿಸುವ ಭಾರದ ಕೆಲಸ) ಒತ್ತಿದ ಕೂಡಲೇ ಟಕ್ ಅಂತ ಎಲ್ಲಾ ಆಫ್.

ಹೇಗೆ ನಿಂತಿತು?

ಟಕ್ ಅಂತ ಎಲ್ಲವೂ ಒಂದೇ ಸಲ ಆಫ್ ಆಗಿ, ಮುಂದಿನ ಪವರ್ ಬಟನ್ ಒತ್ತಿದರೂ ಏಳದೆ, ಹಿಂದಿನ ಸ್ವಿಚ್ ಆಫ್ ಮಾಡಿ ಸ್ವಲ್ಪ ಬಿಟ್ಟು ಆನ್ ಮಾಡಿದ ಮೇಲೆ ಮಾತ್ರ ಎದ್ದರೆ, ಎಸ್‌ಎಂಪಿಎಸ್ ತನ್ನನ್ನು ತಾನೇ ರಕ್ಷಿಸಿಕೊಂಡು ಕೂತಿದೆ ಅಂತ ಅರ್ಥ. ಅದರೊಳಗಿನ ಓವರ್ ಕರೆಂಟ್ ಅಥವಾ ಓವರ್ ಪವರ್ ರಕ್ಷಣೆ ಕೆಲಸ ಮಾಡಿ ಲಾಕ್ ಆಗಿದೆ. ಇದು ಡ್ರೈವರ್‌ನಿಂದ ಆಗುವ ಕೆಲಸವೇ ಅಲ್ಲ. ಗೆಳೆಯನ ಸಿಸ್ಟಮ್ ಹೀಗೇ ಮಾಡುತ್ತಿತ್ತು.

ಆಫ್ ಆಗಿ ತಾನಾಗೇ ರೀಸ್ಟಾರ್ಟ್ ಆದರೆ ಆಗಲೂ ಪವರ್ ಮೇಲೇ ಮೊದಲ ಅನುಮಾನ, ಆದರೆ ರ‍್ಯಾಮ್, ಪ್ರೊಸೆಸರ್ ಕೂಡ ಪಟ್ಟಿಯಲ್ಲಿ ಇರುತ್ತವೆ. ವಿಂಡೋಸ್‌ ಏನಾಯಿತು ಅಂತ ಬರೆದಿಡುವ ಇವೆಂಟ್ ವ್ಯೂವರ್ ತೆರೆದರೆ ಕರ್ನಲ್-ಪವರ್ 41 ಅಂತ ಒಂದು ಸಾಲು ಕಾಣುತ್ತದೆ. ಅದನ್ನು ನೋಡಿ ಗಾಬರಿಯಾಗಬೇಡಿ, ಅದರಲ್ಲಿ ಕಾರಣ ಇರುವುದಿಲ್ಲ. ಸಿಸ್ಟಮ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು ಅಂತಷ್ಟೇ ಅದು ಹೇಳುತ್ತದೆ. ಆ ಸಾಲಿನ ಡೀಟೇಲ್ಸ್ ಒಳಗೆ ಬಗ್‌ಚೆಕ್‌ಕೋಡ್ (ಬ್ಲೂ ಸ್ಕ್ರೀನ್‌ನ ನಂಬರ್) ಎಷ್ಟಿದೆ ನೋಡಿ. 0 ಇದ್ದರೆ ಬ್ಲೂ ಸ್ಕ್ರೀನ್ ದಾಖಲಾಗುವ ಮೊದಲೇ ಸಿಸ್ಟಮ್ ನಿಂತಿದೆ. ಬೇರೆ ನಂಬರ್ ಇದ್ದರೆ ವಿಂಡೋಸ್‌ಗೆ ಏನೋ ಗೊತ್ತಾಗಿದೆ, ಆ ನಂಬರ್ ಹಿಡಿದು ಮುಂದೆ ಹೋಗಬಹುದು.

ಸ್ಕ್ರೀನ್ ಮಾತ್ರ ಕಪ್ಪಾಗಿ, ಹಾಡು ಇನ್ನೂ ಕೇಳುತ್ತಾ ಇದ್ದು, ಕಾರ್ಡಿನ ಫ್ಯಾನ್ ಜೋರಾಗಿ ತಿರುಗಲು ಶುರುವಾದರೆ ವಿಷಯ ಬೇರೆ. ಇಲ್ಲಿ ಇಡೀ ಸಿಸ್ಟಮ್‌ಗೆ ಕರೆಂಟ್ ಇದೆ, ಕಾರ್ಡ್ ಮಾತ್ರ ಕೈಬಿಟ್ಟಿದೆ. ಕಾರ್ಡಿನ ಪವರ್ ಕೇಬಲ್ ಪೂರ್ತಿ ಕೂತಿಲ್ಲದಿರಬಹುದು, ಸ್ಲಾಟ್‌ನಲ್ಲಿ ಕಾರ್ಡ್ ವಾಲಿರಬಹುದು, ಕಾರ್ಡೇ ಸುಸ್ತಾಗಿರಬಹುದು.

ಸ್ಕ್ರೀನ್ ಎರಡು ಸೆಕೆಂಡ್ ಹೆಪ್ಪುಗಟ್ಟಿದ ಹಾಗೆ ನಿಂತು ಮತ್ತೆ ಸರಿಹೋದರೆ, ಇವೆಂಟ್ ವ್ಯೂವರ್‌ನಲ್ಲಿ ಡಿಸ್‌ಪ್ಲೇ 4101 ಅನ್ನುವ ಸಾಲು ಬಂದಿದ್ದರೆ, ಆಗ ಮಾತ್ರ ಡ್ರೈವರ್ ಕಡೆ ಮೊದಲು ಹೋಗಿ. ಕಾರ್ಡ್ ಎರಡು ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ಡ್ರೈವರ್ ಅನ್ನು ರೀಸೆಟ್ ಮಾಡುತ್ತದೆ, ಅದರ ಗುರುತು ಇದು. ಸೇಫ್ ಮೋಡ್‌ಗೆ ಹೋಗಿ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಅನ್ನುವ ಟೂಲ್‌ನಿಂದ ಹಳೆಯದೆಲ್ಲ ತೆಗೆದು ಹೊಸ ಡ್ರೈವರ್ ಹಾಕಿ. ಎಎಂಡಿ ಕಾರ್ಡಿನಿಂದ ಎನ್‌ವಿಡಿಯಾಗೆ ಅಥವಾ ಉಲ್ಟಾ ಬದಲಾಯಿಸಿದವರು ಇದನ್ನು ಮಾಡಲೇಬೇಕು. ಕಾರ್ಡಿಗೆ ಓವರ್‌ಕ್ಲಾಕ್ ಮಾಡಿ ವೇಗ ಏರಿಸಿದ್ದರೆ ಅದನ್ನೂ ತೆಗೆದು ನೋಡಿ.

ಲೇಬಲ್ ಓದುವುದು

ಈಗ ಎಸ್‌ಎಂಪಿಎಸ್ ಪಕ್ಕದ ಸ್ಟಿಕ್ಕರ್‌ಗೆ ಬರೋಣ. ದೊಡ್ಡ ಅಕ್ಷರದಲ್ಲಿ ಬರೆದಿರುವ ವ್ಯಾಟ್ ನಂಬಬೇಡಿ. ಕೆಳಗಿನ ಪಟ್ಟಿಯಲ್ಲಿ ಪ್ಲಸ್ 12 ವೋಲ್ಟ್ ಅನ್ನುವ ಕಾಲಂ ಹುಡುಕಿ, ಅದರ ಕೆಳಗೆ ಎಷ್ಟು ಆಂಪ್ ಅಂತ ಇದೆ ನೋಡಿ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ತಮ್ಮ ಕರೆಂಟಿನ ಬಹುಪಾಲನ್ನು ಈ 12 ವೋಲ್ಟ್ ಲೈನ್‌ನಿಂದಲೇ ಎಳೆಯುತ್ತವೆ. 12 ಅನ್ನು ಆ ಆಂಪ್‌ನಿಂದ ಗುಣಿಸಿದರೆ ನಿಮ್ಮ ನಿಜವಾದ ವ್ಯಾಟ್ ಸಿಗುತ್ತದೆ.

ಗೆಳೆಯನ ಎಸ್‌ಎಂಪಿಎಸ್ ಸ್ಟಿಕ್ಕರ್ ಮೇಲೆ 500 ವ್ಯಾಟ್ ಇತ್ತು. ಧೂಳು ಒರೆಸಿ ನೋಡಿದರೆ 12 ವೋಲ್ಟ್ ಕೆಳಗೆ 18 ಆಂಪ್. ಅಂದರೆ 216 ವ್ಯಾಟ್. ಉಳಿದ ಸಂಖ್ಯೆಯೆಲ್ಲ 5 ವೋಲ್ಟ್, 3.3 ವೋಲ್ಟ್ ಲೈನ್‌ಗಳನ್ನು ಸೇರಿಸಿ ದೊಡ್ಡದಾಗಿ ತೋರಿಸಿದ್ದು. ಈಗಿನ ಸಿಸ್ಟಮ್‌ಗಳಿಗೆ ಅವು ಅಷ್ಟೊಂದು ಬೇಕಾಗಿಯೇ ಇಲ್ಲ.

ಖರ್ಚಿನ ಕಡೆ ನೋಡಿ. ಜಿಟಿಎಕ್ಸ್ 1050 ಟಿಐ 75 ವ್ಯಾಟ್ ಕಾರ್ಡ್. ಕಾರ್ಡ್ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಒಂದೇ 75 ವ್ಯಾಟ್‌ವರೆಗೆ ಕೊಡಬಲ್ಲದು, ಹಾಗಾಗಿ ಅದಕ್ಕೆ ಬೇರೆ ಕೇಬಲ್ಲೇ ಬೇಕಿರಲಿಲ್ಲ. ಆರ್‌ಟಿಎಕ್ಸ್ 3060 ಗೆ 170 ವ್ಯಾಟ್. ರೈಜೆನ್ 5 3600 ಪೂರ್ತಿ ಲೋಡ್‌ನಲ್ಲಿ 88 ವ್ಯಾಟ್‌ವರೆಗೆ ಎಳೆಯುತ್ತದೆ. ಎರಡೂ ಸೇರಿದರೇ 258. ಫ್ಯಾನ್, ಹಾರ್ಡ್ ಡಿಸ್ಕ್ ಇನ್ನೂ ಸೇರಿಸಿಲ್ಲ. 216 ರ ಲೈನ್ ಮೇಲೆ ಇದು ಹೇಗೆ ನಿಲ್ಲುತ್ತದೆ ಹೇಳಿ. ಹಳೆ ಕಾರ್ಡ್ ಇದ್ದಷ್ಟು ದಿನ ಆ ಎಸ್‌ಎಂಪಿಎಸ್‌ಗೆ ಪರೀಕ್ಷೆಯೇ ಬಂದಿರಲಿಲ್ಲ. "ಇಷ್ಟು ವರ್ಷ ಸರಿಯಾಗಿತ್ತಲ್ವಾ" ಅನ್ನುವ ಮಾತು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಇನ್ನೊಂದು ವಿಷಯ. ಕಾರ್ಡಿಗೆ ಬರೆದಿರುವ ವ್ಯಾಟ್ ಸರಾಸರಿ ಮಾತ್ರ. ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಅದು ಅದಕ್ಕಿಂತ ಎಷ್ಟೋ ಜಾಸ್ತಿ ಎಳೆಯುತ್ತದೆ. ಇದಕ್ಕಾಗಿಯೇ 2022 ರಲ್ಲಿ ಬಂದ ಎಟಿಎಕ್ಸ್ 3.0 ನಿಯಮದಲ್ಲಿ, ದೊಡ್ಡ ಎಸ್‌ಎಂಪಿಎಸ್‌ಗಳು ತಮ್ಮ ರೇಟಿಂಗ್‌ನ ಎರಡು ಪಟ್ಟು ಪವರ್ ಅನ್ನು 100 ಮೈಕ್ರೋಸೆಕೆಂಡ್ ಹೊತ್ತು ತಡೆದುಕೊಳ್ಳಬೇಕು ಅಂತ ಸೇರಿಸಿದರು. ಲೆಕ್ಕದಲ್ಲಿ ಸಾಕು ಅನಿಸುವ ಎಸ್‌ಎಂಪಿಎಸ್ ಕೂಡ ಕೆಲವೊಮ್ಮೆ ಟ್ರಿಪ್ ಆಗುವುದು ಈ ಜಿಗಿತಗಳಿಂದಲೇ.

ಅಡಾಪ್ಟರ್ ವಿಚಾರವನ್ನೂ ಹೇಳಿಬಿಡುತ್ತೇನೆ. ಆ ಎಸ್‌ಎಂಪಿಎಸ್‌ಗೆ ಕಾರ್ಡಿಗೆ ಹೋಗುವ 8 ಪಿನ್ ಪಿಸಿಐಇ ಕೇಬಲ್ಲೇ ಇರಲಿಲ್ಲ. ಕಾರ್ಡ್ ಕೊಟ್ಟವರು ಹಾರ್ಡ್ ಡಿಸ್ಕ್‌ನ ಹಳೆಯ ಮೋಲೆಕ್ಸ್ ಪ್ಲಗ್‌ಗಳಿಂದ 8 ಪಿನ್ ಮಾಡುವ ಒಂದು ಅಡಾಪ್ಟರ್ ಕೈಗೆ ಕೊಟ್ಟಿದ್ದರು. 8 ಪಿನ್ ಕನೆಕ್ಟರ್ 150 ವ್ಯಾಟ್‌ಗೆ ಮಾಡಿದ್ದು. ಅಷ್ಟನ್ನು ಒಂದೇ ತೆಳ್ಳಗಿನ ಮೋಲೆಕ್ಸ್ ವೈರ್ ಮೇಲೆ ಹಾಕಿದರೆ ಬಿಸಿಯಾಗುತ್ತದೆ. ಸಾಟಾ ಪ್ಲಗ್‌ನಿಂದ ಮಾಡುವ ಅಡಾಪ್ಟರ್ ಇನ್ನೂ ಕೆಟ್ಟದ್ದು, ಸಾಟಾ ಪವರ್ ಪ್ಲಗ್ 12 ವೋಲ್ಟ್‌ನಲ್ಲಿ 54 ವ್ಯಾಟ್‌ಗೆ ಮಾತ್ರ ಮಾಡಿರುವುದು. ದಯವಿಟ್ಟು ಅದನ್ನು ಬಳಸಬೇಡಿ, ಪ್ಲಾಸ್ಟಿಕ್ ಕರಗಿ ಬೆಂಕಿ ಹತ್ತುವ ಅಪಾಯ ನಿಜವಾಗಿಯೂ ಇದೆ. ನಿಮ್ಮ ಎಸ್‌ಎಂಪಿಎಸ್‌ಗೆ ಕಾರ್ಡಿನ ಕೇಬಲ್ ಇಲ್ಲ ಅಂದರೆ, ಆ ಕಾರ್ಡ್ ಓಡಿಸಲು ಅದನ್ನು ಮಾಡಿಲ್ಲ, ಅಷ್ಟೇ.

ದುಡ್ಡು ಖರ್ಚು ಮಾಡದೆ ಖಚಿತಪಡಿಸಿಕೊಳ್ಳುವುದು

ಅನುಮಾನ ಬಂತು ಅಂತ ಸುಮ್ನೆ ಹೊಸ ಎಸ್‌ಎಂಪಿಎಸ್ ತರುವ ಮೊದಲು ಒಂದು ಸುಲಭದ ಪರೀಕ್ಷೆ ಇದೆ. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಟೂಲ್ ಹಾಕಿಕೊಳ್ಳಿ, ಅದು ಯಾವ ಕಂಪನಿಯ ಕಾರ್ಡಿಗೂ ಆಗುತ್ತದೆ. ಅದರಲ್ಲಿ ಪವರ್ ಲಿಮಿಟ್ ಅನ್ನುವ ಸ್ಲೈಡರ್ ಅನ್ನು ಕೆಳಗೆ ಎಳೆಯಿರಿ, ಶೇಕಡಾ 65 ರ ಹತ್ತಿರ. ಎಷ್ಟು ಕೆಳಗೆ ಬಿಡುತ್ತದೆ ಅನ್ನುವುದು ಕಾರ್ಡಿನಿಂದ ಕಾರ್ಡಿಗೆ ಬೇರೆ. ಈಗ ಯಾವ ಕೆಲಸದಲ್ಲಿ ಆಫ್ ಆಗುತ್ತಿತ್ತೋ ಅದೇ ಕೆಲಸ ಓಡಿಸಿ. ಆಫ್ ಆಗುವುದು ನಿಂತುಹೋದರೆ ಪವರ್‌ನದ್ದೇ ಸಮಸ್ಯೆ ಅನ್ನುವುದಕ್ಕೆ ಬಲವಾದ ಸಾಕ್ಷಿ ಸಿಕ್ಕಿತು. ಅದೇ ಡ್ರೈವರ್, ಅದೇ ವಿಂಡೋಸ್, ಅದೇ ರೆಂಡರ್, ಬದಲಾಗಿದ್ದು ಎಳೆಯುವ ಕರೆಂಟ್ ಮಾತ್ರ. ಗೆಳೆಯನ ಸಿಸ್ಟಮ್ 110 ವ್ಯಾಟ್‌ಗೆ ಇಳಿಸಿದ ಮೇಲೆ ರೆಂಡರ್ ಪೂರ್ತಿ ಮುಗಿಸಿತು, ಸ್ಲೈಡರ್ 100 ಕ್ಕೆ ತಂದ ಕೂಡಲೇ ಮತ್ತೆ ಟಕ್.

ಕೈಯಲ್ಲಿ ಮಲ್ಟಿಮೀಟರ್ ಇದ್ದರೆ ಖಾಲಿ ಇರುವ ಮೋಲೆಕ್ಸ್ ಪ್ಲಗ್‌ನಲ್ಲಿ ಹಳದಿ ಮತ್ತು ಕಪ್ಪು ವೈರ್ ನಡುವೆ ಅಳೆಯಿರಿ. ಹಳದಿ 12 ವೋಲ್ಟ್, ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್. ನಿಯಮದ ಪ್ರಕಾರ 12 ವೋಲ್ಟ್ ಶೇಕಡಾ 5 ರಷ್ಟು ಹೆಚ್ಚುಕಡಿಮೆ ಆಗಬಹುದು, ಅಂದರೆ 11.4 ರಿಂದ 12.6 ರ ಒಳಗೆ ಇರಬೇಕು. ಸುಮ್ಮನಿದ್ದಾಗ ಒಂದು ಸಲ ನೋಡಿ, ಲೋಡ್ ಕೊಟ್ಟು ಒಂದು ಸಲ ನೋಡಿ. ಇಲ್ಲಿ ಸುಮ್ಮನಿದ್ದಾಗ 11.9 ಇದ್ದದ್ದು ಲೋಡ್ ಬಿದ್ದಾಗ 11.2 ಕ್ಕೆ ಕುಸಿಯಿತು. ಮೀಟರ್ ಎರಡು ಪ್ರೋಬ್ ಒಂದಕ್ಕೊಂದು ತಾಗದಂತೆ ಹಿಡಿಯಿರಿ. ಮೀಟರ್ ಸರಿ ತೋರಿಸಿತು ಅಂತ ಎಸ್‌ಎಂಪಿಎಸ್ ಸರಿಯಿದೆ ಅಂತ ತೀರ್ಮಾನ ಮಾಡಬೇಡಿ, ಮಿಲಿಸೆಕೆಂಡ್ ಕುಸಿತಗಳು ಮೀಟರ್‌ಗೆ ಕಾಣುವುದಿಲ್ಲ. ಹಾಗೆಯೇ, ಹಸಿರು ವೈರ್ ಮತ್ತು ಕಪ್ಪು ವೈರ್ ನಡುವೆ ತಂತಿ ಸಿಕ್ಕಿಸಿ ಫ್ಯಾನ್ ತಿರುಗಿತು ಅಂತ ತೋರಿಸುವವರು ಇರುತ್ತಾರೆ. ಅದು ಎಸ್‌ಎಂಪಿಎಸ್ ಆನ್ ಆಗುತ್ತದೆ ಅಂತ ಮಾತ್ರ ತೋರಿಸುತ್ತದೆ, ಲೋಡ್ ಹೊರುತ್ತದೆ ಅಂತ ಅಲ್ಲ.

ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ಉಳಿದಿರಬಹುದು.

ಯುಪಿಎಸ್ ಬಗ್ಗೆ ಕೇಳಲು ಮರೆಯಬೇಡಿ

ನಮ್ಮ ಕಡೆ ಮನೆಯ ಕಂಪ್ಯೂಟರ್‌ಗೆ ಯುಪಿಎಸ್ ಅಥವಾ ಇನ್ವರ್ಟರ್ ಇದ್ದೇ ಇರುತ್ತದೆ. ಹೊರಗಿನ ದೇಶದವರು ಬರೆದ ಗೈಡ್‌ಗಳಲ್ಲಿ ಇದರ ಮಾತೇ ಬರುವುದಿಲ್ಲ, ಹಾಗಾಗಿ ಎಷ್ಟೋ ಜನ ಇದನ್ನು ನೋಡುವುದೇ ಇಲ್ಲ. ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟ್. ಮಾನಿಟರ್ ಸೇರಿಸಿ ಹೊಸ ಸಿಸ್ಟಮ್ ಅದನ್ನು ಸುಲಭವಾಗಿ ದಾಟಿಬಿಡುತ್ತದೆ, ಆಗ ಯುಪಿಎಸ್ ಕಿರುಚಿ ಕಟ್ ಆಗುತ್ತದೆ. ನೋಡುವವರಿಗೆ ಎಸ್‌ಎಂಪಿಎಸ್ ಟ್ರಿಪ್ ಆದ ಹಾಗೇ ಕಾಣುತ್ತದೆ. ಮಾನಿಟರ್ ಕೂಡ ಅದೇ ಯುಪಿಎಸ್‌ನಲ್ಲಿದ್ದು ಅದರ ದೀಪವೂ ಆರಿದರೆ ಯುಪಿಎಸ್ ಕಡೆ ನೋಡಿ. ಒಂದು ಸಲ ನೇರವಾಗಿ ಗೋಡೆಯ 15 ಅಥವಾ 5 ಆಂಪ್ ಸಾಕೆಟ್‌ಗೆ ಹಾಕಿ ಓಡಿಸಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಕರೆಂಟ್ ಹೋದಾಗ ಮಾತ್ರ ರೀಸ್ಟಾರ್ಟ್ ಆಗುವುದು ಇನ್ನೊಂದು ಜಾತಿಯ ದೂರು. ಹಳೆ ಕಾರ್ಡ್ ಇದ್ದಾಗ ಇನ್ವರ್ಟರ್‌ಗೆ ಬದಲಾದರೂ ಸಿಸ್ಟಮ್ ಅಲುಗಾಡುತ್ತಿರಲಿಲ್ಲ, ಈಗ ಪ್ರತಿ ಸಲ ರೀಸ್ಟಾರ್ಟ್ ಆಗುತ್ತದೆ. ಎಸ್‌ಎಂಪಿಎಸ್ ತನ್ನ ಕೆಪಾಸಿಟರ್‌ನಲ್ಲಿ ಇಟ್ಟುಕೊಂಡ ಶಕ್ತಿಯಿಂದ ಪೂರ್ತಿ ಲೋಡ್‌ನಲ್ಲಿ ಸುಮಾರು 16 ಮಿಲಿಸೆಕೆಂಡ್ ಮಾತ್ರ ತಳ್ಳಬಲ್ಲದು. ಲೋಡ್ ಕಡಿಮೆ ಇದ್ದರೆ ಇನ್ನೂ ಸ್ವಲ್ಪ ಹೊತ್ತು. ಕಾರ್ಡ್ ದೊಡ್ಡದಾದಂತೆ ಆ ಬಿಡುವು ಕಡಿಮೆಯಾಯಿತು. ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್ ಇದ್ದರೆ ಅದಕ್ಕೆ ಹಾಕಿ, ಬದಲಾಗುವ ಸಮಯ ಕಡಿಮೆಯಾಗುತ್ತದೆ. ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿರುವ ಆ್ಯಕ್ಟಿವ್ ಪಿಎಫ್‌ಸಿ (ಗೋಡೆಯಿಂದ ಕರೆಂಟನ್ನು ಹದವಾಗಿ ಎಳೆಯುವ) ಸರ್ಕ್ಯೂಟ್ ಕೆಲವು ಅಗ್ಗದ ಯುಪಿಎಸ್‌ಗಳ ಚೌಕಾಕಾರದ ಅಲೆಯ ಜೊತೆ ಹೊಂದುವುದಿಲ್ಲ. ಹಾಗಾದರೆ ಗೋಡೆಯ ಕರೆಂಟಿನಂತೆಯೇ ನುಣುಪಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್ ಯುಪಿಎಸ್ಸೇ ಬೇಕು.

ಎಸ್‌ಎಂಪಿಎಸ್ ಬದಲಿಸುವಾಗ

ಆರ್‌ಟಿಎಕ್ಸ್ 3060 ಗೆ ಎನ್‌ವಿಡಿಯಾ ಹೇಳುವುದು 550 ವ್ಯಾಟ್. ಅದು ಒಳ್ಳೆಯ 550 ಆಗಿರಬೇಕು, ಅಂದರೆ 12 ವೋಲ್ಟ್ ಲೈನ್ ಒಂದೇ 500 ವ್ಯಾಟ್ ದಾಟಬೇಕು, 42 ಆಂಪ್‌ಗಿಂತ ಮೇಲೆ. 80 ಪ್ಲಸ್ ಗುರುತು ಇದ್ದರೆ ಒಳ್ಳೆಯದು, ಆದರೆ ಅದು ಕರೆಂಟ್ ಎಷ್ಟು ಪೋಲಾಗುತ್ತದೆ ಅನ್ನುವುದರ ಅಳತೆ, ಗುಣಮಟ್ಟದ ಪೂರ್ತಿ ಗ್ಯಾರಂಟಿ ಅಲ್ಲ. ಎಷ್ಟು ವರ್ಷ ವಾರಂಟಿ ಕೊಡುತ್ತಾರೆ ಅನ್ನುವುದನ್ನು ನಾನು ಅದಕ್ಕಿಂತ ಹೆಚ್ಚು ನಂಬುತ್ತೇನೆ.

ಹಳೆಯದೂ ಹೊಸದೂ ಎರಡೂ ಮಾಡ್ಯುಲರ್ (ಕೇಬಲ್‌ಗಳನ್ನು ಡಬ್ಬಿಯಿಂದ ಕಿತ್ತು ಹಾಕಬಹುದಾದದ್ದು) ಆಗಿದ್ದರೆ ಇದನ್ನು ಎರಡು ಸಲ ಓದಿ: ಹಳೆಯ ಕೇಬಲ್‌ಗಳನ್ನು ಹಾಗೇ ಬಿಟ್ಟು ಡಬ್ಬಿ ಮಾತ್ರ ಬದಲಾಯಿಸಬೇಡಿ. ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆಗೆ ಯಾವ ನಿಯಮವೂ ಇಲ್ಲ, ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ಬೇರೆ ಇರಬಹುದು. ಪ್ಲಗ್ ಸರಿಯಾಗಿ ಕೂರುತ್ತದೆ, 5 ವೋಲ್ಟ್ ಬರಬೇಕಾದ ಜಾಗದಲ್ಲಿ 12 ಬರುತ್ತದೆ, ಎಸ್‌ಎಸ್‌ಡಿ, ಹಾರ್ಡ್ ಡಿಸ್ಕ್ ಎರಡೂ ಅದರಲ್ಲಿದ್ದ ಫೋಟೋಗಳ ಸಮೇತ ಹೋಗುತ್ತವೆ. ಡಬ್ಬಿಯ ಜೊತೆ ಬಂದ ಕೇಬಲ್ ಮಾತ್ರ ಹಾಕಿ.

ಪ್ರೊಸೆಸರ್‌ನ 8 ಪಿನ್ ಮತ್ತು ಕಾರ್ಡಿನ 8 ಪಿನ್ ನೋಡಲು ಒಂದೇ ಥರ. ಪ್ರೊಸೆಸರ್‌ನದ್ದು ನಾಲ್ಕು ನಾಲ್ಕಾಗಿ ಬಿಡಿಸಿಕೊಳ್ಳುತ್ತದೆ, ಕಾರ್ಡಿನದ್ದು ಆರು ಮತ್ತು ಎರಡಾಗಿ. ಎರಡರಲ್ಲಿ 12 ವೋಲ್ಟ್ ಮತ್ತು ಗ್ರೌಂಡ್ ಜಾಗ ಉಲ್ಟಾ. ಕೂರದಿದ್ದರೆ ಒತ್ತಬೇಡಿ. ಕಾರ್ಡಿನಲ್ಲಿ ಎರಡು ಸಾಕೆಟ್ ಇದ್ದರೆ ಎರಡು ಬೇರೆ ಬೇರೆ ಕೇಬಲ್ ಎಳೆಯಿರಿ, ಒಂದೇ ಕೇಬಲ್‌ನ ಎರಡು ತಲೆ ಹಾಕಬೇಡಿ. ಹೊಸ ದೊಡ್ಡ ಕಾರ್ಡ್‌ಗಳ 16 ಪಿನ್ ಕನೆಕ್ಟರ್ ಅಂತೂ ಪೂರ್ತಿ ಒಳಗೆ ಹೋಗಿದೆಯಾ ಅಂತ ಟಾರ್ಚ್ ಹಾಕಿ ನೋಡಿ, 2022 ರಲ್ಲಿ ಆರ್‌ಟಿಎಕ್ಸ್ 4090 ಕನೆಕ್ಟರ್‌ಗಳು ಕರಗಿದಾಗ ಅರ್ಧ ಕೂತ ಪ್ಲಗ್ ಒಂದು ಕಾರಣವಾಗಿತ್ತು.

ಬೆಂಗಳೂರಿನ ಕಂಪ್ಯೂಟರ್ ಮಾರುಕಟ್ಟೆಯಾದ ಎಸ್.ಪಿ. ರೋಡ್‌ನಲ್ಲಿ ಹಳೆಯ ಆಫೀಸ್ ಕಂಪ್ಯೂಟರ್ ಕೊಂಡು ಅದಕ್ಕೆ ಕಾರ್ಡ್ ಹಾಕುವವರು ಬಹಳ. ಅಂಥವರು ಕಾರ್ಡ್ ಕೊಳ್ಳುವ ಮೊದಲೇ ಪಕ್ಕದ ಮುಚ್ಚಳ ತೆಗೆದು ನೋಡಿ. ಉದಾಹರಣೆಗೆ ಡೆಲ್ ಆಪ್ಟಿಪ್ಲೆಕ್ಸ್ 9020 ಟವರ್‌ನಲ್ಲಿ 290 ವ್ಯಾಟ್ ಎಸ್‌ಎಂಪಿಎಸ್ ಇರುತ್ತದೆ, ಮದರ್‌ಬೋರ್ಡ್‌ಗೆ ಹೋಗುವುದು ಮಾಮೂಲಿ 24 ಪಿನ್ ಅಲ್ಲ, 8 ಪಿನ್. ಸಾಧಾರಣ ಎಸ್‌ಎಂಪಿಎಸ್ ನೇರವಾಗಿ ಕೂರುವುದಿಲ್ಲ, ಕನ್ವರ್ಟರ್ ಕೇಬಲ್ ಬೇಕು. ಆ ತಲೆನೋವು ಬೇಡದವರಿಗೆ ಪವರ್ ಕನೆಕ್ಟರ್ ಇಲ್ಲದ ಜಿಟಿಎಕ್ಸ್ 1650 ಥರದ 75 ವ್ಯಾಟ್ ಕಾರ್ಡೇ ಸರಿ.

ಆಫ್ ಆಗುವುದು ನಿಂತಿತು, ಆದರೆ ನಿಧಾನ

ಹೊಸ ಎಸ್‌ಎಂಪಿಎಸ್ ಹಾಕಿದ ಮೇಲೆ ಗೆಳೆಯನ ಸಿಸ್ಟಮ್ ಆಫ್ ಆಗುವುದು ನಿಂತಿತು. ಗೇಮ್ ಮಾತ್ರ ತಡೆತಡೆದು ಓಡುತ್ತಿತ್ತು. ಇಂಥ ಹೊತ್ತಿನಲ್ಲಿ ಜಿಪಿಯು-ಝಡ್ ಅನ್ನುವ ಟೂಲ್ ತೆರೆದು ಬಸ್ ಇಂಟರ್‌ಫೇಸ್ ಅನ್ನುವ ಸಾಲು ಓದಿ. ಅಲ್ಲಿ ಮೊದಲು ಕಾರ್ಡಿನ ಶಕ್ತಿ, ಆಮೇಲೆ ಈಗ ಎಷ್ಟರಲ್ಲಿ ಓಡುತ್ತಿದೆ ಅನ್ನುವುದು ಇರುತ್ತದೆ. ಸುಮ್ಮನಿದ್ದಾಗ ಕಾರ್ಡ್ ವೇಗ ಇಳಿಸಿಕೊಂಡಿರುತ್ತದೆ, ಅದಕ್ಕೇ ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ರೆಂಡರ್ ಟೆಸ್ಟ್ ಓಡಿಸಿ ನೋಡಬೇಕು. ಟೆಸ್ಟ್ ಓಡುತ್ತಿದ್ದಾಗಲೂ ಇಲ್ಲಿ ಎಕ್ಸ್4 2.0 ಅಂತ ಇತ್ತು, ಎಕ್ಸ್16 3.0 ಇರಬೇಕಾಗಿತ್ತು. ಕೇಬಲ್ ಹಾಕಲು ಕಾರ್ಡ್ ತೆಗೆದಿದ್ದ ಹುಡುಗ ವಾಪಸ್ ಹಾಕುವಾಗ ಕೆಳಗಿನ ಉದ್ದದ ಸ್ಲಾಟ್‌ಗೆ ಹಾಕಿದ್ದ. ಬಿ450 ಬೋರ್ಡ್‌ಗಳಲ್ಲಿ ಆ ಎರಡನೇ ಸ್ಲಾಟ್ ಮೇಲ್ನೋಟಕ್ಕೆ ಮೊದಲನೆಯದರಂತೆಯೇ ಇದ್ದರೂ ಸಾಮಾನ್ಯವಾಗಿ ಚಿಪ್‌ಸೆಟ್‌ನಿಂದ ನಾಲ್ಕೇ ಲೇನ್ (ಡೇಟಾ ಓಡಾಡುವ ದಾರಿ) ಬರುತ್ತವೆ. ಮೇಲಿನ ಸ್ಲಾಟ್‌ಗೆ ಹಾಕಿದ ಮೇಲೆ ಸರಿಹೋಯಿತು. ಕೆಲವು ಕಾರ್ಡ್‌ಗಳು ಹುಟ್ಟಿನಿಂದಲೇ ಕಡಿಮೆ ಲೇನ್‌ನವು ಅನ್ನುವುದು ನೆನಪಿರಲಿ, ಆರ್‌ಟಿಎಕ್ಸ್ 4060 ಎಕ್ಸ್8, ಆರ್‌ಎಕ್ಸ್ 6500 ಎಕ್ಸ್‌ಟಿ ಎಕ್ಸ್4. ಅವುಗಳಲ್ಲಿ ಅದು ದೋಷ ಅಲ್ಲ.

ಡಿಸ್‌ಪ್ಲೇಯೇ ಬರುತ್ತಿಲ್ಲ ಅಂದರೆ

ಮಾನಿಟರ್ ಕೇಬಲ್ ಮದರ್‌ಬೋರ್ಡ್‌ನಲ್ಲಿದೆಯಾ, ಕಾರ್ಡಿನಲ್ಲಿದೆಯಾ ಮೊದಲು ನೋಡಿ. ಕಾರ್ಡಿನ ಪವರ್ ಕೇಬಲ್, ಸ್ಲಾಟ್‌ನ ಕೊನೆಯ ಲಾಕ್ ಕ್ಲಿಕ್ ಆಗಿದೆಯಾ ನೋಡಿ. ಕಾರ್ಡ್ ತುರುಕುವಾಗ ಪಕ್ಕದ ರ‍್ಯಾಮ್ ಅಲುಗಿರುವುದು ತುಂಬಾ ಸಾಮಾನ್ಯ, ತೆಗೆದು ಮತ್ತೆ ಹಾಕಿ. ಬೋರ್ಡ್ ಮೇಲೆ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ನಾಲ್ಕು ಪುಟ್ಟ ಎಲ್‌ಇಡಿ ಇದ್ದರೆ ಯಾವುದು ಉಳಿದುಕೊಳ್ಳುತ್ತದೆ ಅನ್ನುವುದೇ ಉತ್ತರ. ಅದೂ ಆಗದಿದ್ದರೆ ಪ್ಲಗ್ ಕಿತ್ತು ಬೋರ್ಡ್ ಮೇಲಿನ ಗುಂಡಗಿನ ಸಿಆರ್2032 ಸೆಲ್ ತೆಗೆದು ಕೆಲವು ನಿಮಿಷ ಬಿಟ್ಟು ಹಾಕಿ, ಬಯಾಸ್ (ವಿಂಡೋಸ್‌ಗೂ ಮೊದಲು ಓಡುವ ಬೋರ್ಡಿನ ಸಾಫ್ಟ್‌ವೇರ್) ಸೆಟ್ಟಿಂಗ್ ಮೊದಲಿನಂತಾಗುತ್ತದೆ. ಹಳೆಯ ಬೋರ್ಡ್‌ಗೆ ತೀರಾ ಹೊಸ ಕಾರ್ಡ್ ಹಾಕುವವರು, ಹಳೆ ಕಾರ್ಡ್ ಇರುವಾಗಲೇ ಬಯಾಸ್ ಅಪ್‌ಡೇಟ್ ಮಾಡಿಟ್ಟುಕೊಳ್ಳಿ. ರೈಜೆನ್ 5 3600 ಥರದ ಪ್ರೊಸೆಸರ್‌ನಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ, ಹೆಸರಿನ ಕೊನೆಗೆ ಎಫ್ ಇರುವ ಇಂಟೆಲ್‌ನವುಗಳಲ್ಲೂ ಇಲ್ಲ, ಹಾಗಾಗಿ ಹಳೆ ಕಾರ್ಡನ್ನು ಕೂಡಲೇ ಮಾರಬೇಡಿ.

ಕೇಸ್ ಮುಟ್ಟಿದರೆ ಜುಮ್ ಅನ್ನುತ್ತದೆ, ಟೆಸ್ಟರ್ ಹಿಡಿದರೆ ಹೊತ್ತುತ್ತದೆ ಅಂತ ಹೇಳುವವರೂ ಇದ್ದಾರೆ. ಇದಕ್ಕೆ ಹೊಸ ಎಸ್‌ಎಂಪಿಎಸ್ ಕೆಟ್ಟಿದೆ ಅಂತ ಅರ್ಥ ಅಲ್ಲ. ಅದರೊಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಸ್ವಲ್ಪ ಕರೆಂಟನ್ನು ಅರ್ಥ್‌ಗೆ ಬಿಡುವಂತೆಯೇ ಮಾಡಿರುತ್ತಾರೆ, ಮನೆಯಲ್ಲಿ ಅರ್ಥಿಂಗ್ ಇಲ್ಲದಿದ್ದರೆ ಅದು ಕೇಸಿನ ಮೇಲೆ ಉಳಿಯುತ್ತದೆ. ಸಾಕೆಟ್‌ನ ಮೇಲಿನ ದೊಡ್ಡ ತೂತಿನಲ್ಲಿ ಅರ್ಥ್ ಬರುತ್ತಿದೆಯಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಮೂರು ಪಿನ್ ಪ್ಲಗ್‌ಗೆ ಎರಡು ಪಿನ್ ಅಡಾಪ್ಟರ್ ಹಾಕಿದ್ದರೆ ಅದನ್ನು ಮೊದಲು ಕಿತ್ತುಹಾಕಿ.

ಇಷ್ಟೆಲ್ಲ ನೋಡಿದ ಮೇಲೂ ಹೋಗದಿದ್ದರೆ, ವಿಶೇಷವಾಗಿ ಬಯಾಸ್ ಸ್ಕ್ರೀನ್‌ನಲ್ಲೇ ಬಣ್ಣಬಣ್ಣದ ಚೌಕಗಳು, ಗೆರೆಗಳು ಕಂಡರೆ, ಕಾರ್ಡ್ ಕೆಟ್ಟಿರುವ ಸಾಧ್ಯತೆಯೇ ಹೆಚ್ಚು, ಯಾಕೆಂದರೆ ಆ ಹಂತದಲ್ಲಿ ವಿಂಡೋಸ್ ಡ್ರೈವರ್ ಇನ್ನೂ ಬಂದೇ ಇಲ್ಲ. ಗೆಳೆಯರ ಗಟ್ಟಿ ಎಸ್‌ಎಂಪಿಎಸ್ ಇರುವ ಸಿಸ್ಟಮ್‌ಗೆ ಕಾರ್ಡ್ ಮಾತ್ರ ಹಾಕಿ ನೋಡಿ. ಅಲ್ಲೂ ಅದೇ ಆದರೆ ಫೋನ್‌ನಲ್ಲಿ ವಿಡಿಯೋ ಮಾಡಿಟ್ಟುಕೊಂಡು, ಬಿಲ್ ಮತ್ತು ಕಾರ್ಡಿನ ಹಿಂದಿರುವ ಸೀರಿಯಲ್ ನಂಬರ್ ಫೋಟೋ ಸಮೇತ ವಾರಂಟಿಗೆ ಕೊಡಿ. ಯಾವ ಎಸ್‌ಎಂಪಿಎಸ್, 12 ವೋಲ್ಟ್‌ನಲ್ಲಿ ಎಷ್ಟು ಆಂಪ್, ಬೇರೆ ಸಿಸ್ಟಮ್‌ನಲ್ಲೂ ನೋಡಿದ್ದೇವೆ ಅಂತ ಒಂದು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿದರೆ, ಅಲ್ಲಿ ಪರೀಕ್ಷೆ ಮಾಡುವವರು ಮೊದಲಿನಿಂದ ಶುರು ಮಾಡಬೇಕಾಗಿಲ್ಲ.